ಲಿಬರ್ಟಡೋರೆಸ್ ನಾಕೌಟ್: ಅವೇ ಗೋಲ್ ನಿಯಮ ವಾಪಸ್ ಬರಬೇಕಾ?

ಮಲ್ಲೇಶ್ವರಂ_ಮಿಡ್‌ಫೀಲ್ಡ್:
ದಕ್ಷಿಣ ಅಮೆರಿಕದ ಕ್ಲಬ್ ಫುಟ್‌ಬಾಲ್ ಟೂರ್ನಿ ಕೋಪಾ ಲಿಬರ್ಟಡೋರೆಸ್ ನೋಡುವವರಿಗೆ ಒಂದು ಪ್ರಶ್ನೆ. ಅವೇ ಗೋಲ್ ನಿಯಮ ತೆಗೆದದ್ದು ಒಳ್ಳೇದಾಯ್ತಾ, ಕೆಟ್ಟದ್ದಾಯ್ತಾ?

ಹೊಸಬರಿಗೆ ಚಿಕ್ಕದಾಗಿ ಹೇಳುತ್ತೇನೆ. ಗುಂಪು ಹಂತದಲ್ಲಿ 32 ತಂಡ, 8 ಗುಂಪು. ಪ್ರತಿ ಗುಂಪಿನ ಮೊದಲ ಎರಡು ತಂಡ ಪ್ರೀಕ್ವಾರ್ಟರ್‌ಗೆ ಬರುತ್ತವೆ. ಅಲ್ಲಿಂದ ಸೆಮಿಫೈನಲ್ ತನಕ ಎಲ್ಲವೂ ಎರಡು ಲೆಗ್. ಒಂದು ನಮ್ಮೂರಲ್ಲಿ, ಇನ್ನೊಂದು ಅವರೂರಲ್ಲಿ. ಮುಂಚೆ ಒಟ್ಟು ಸ್ಕೋರ್ ಸಮ ಆದರೆ ಎದುರಾಳಿ ಊರಲ್ಲಿ ಜಾಸ್ತಿ ಗೋಲು ಹೊಡೆದವರು ಮುಂದಕ್ಕೆ ಹೋಗುತ್ತಿದ್ದರು. 2022ರಿಂದ ಅದು ಇಲ್ಲ. ಎಕ್ಸ್‌ಟ್ರಾ ಟೈಮ್ ಫೈನಲ್‌ಗೆ ಮಾತ್ರ. ಅಂದರೆ 180 ನಿಮಿಷ ಆಡಿ ಸಮ ಆದರೆ ನೇರ ಪೆನಾಲ್ಟಿ ಶೂಟೌಟ್.

2023ರ ಅರ್ಜೆಂಟೀನಾ ಕ್ಲಬ್ ಬೋಕಾ ಜೂನಿಯರ್ಸ್ ನೆನಪಿಸಿಕೊಳ್ಳಿ. ನಾಸಿಯೊನಾಲ್ ಜೊತೆ 0-0, 2-2. ರೇಸಿಂಗ್ ಜೊತೆ 0-0, 0-0. ಪಾಲ್ಮೇರಾಸ್ ಜೊತೆ 0-0, 1-1. ಆರು ನಾಕೌಟ್ ಪಂದ್ಯದಲ್ಲಿ ಒಂದನ್ನೂ ಗೆಲ್ಲದೆ ಫೈನಲ್‌ಗೆ ಬಂದರು! ಮೂರು ಸಲವೂ ಗೋಲ್‌ಕೀಪರ್ ರೊಮೆರೊ ಕಾಪಾಡಿದ. ನನಗೆ ಇದು ಸರಿ ಕಾಣುವುದಿಲ್ಲ. ಗೆಲ್ಲುವ ಪ್ರಯತ್ನಕ್ಕೆ ಬೆಲೆ ಕೊಡುವ ನಿಯಮ ಬೇಕು. ಏನಂತೀರಿ?

ಕರಾವಳಿ_ಕಿಕ್:
ನನ್ನ ವೋಟು ವಾಪಸ್ ಬರಲಿ ಅನ್ನುವ ಕಡೆಗೆ. ಅವೇ ಗೋಲ್ ಇದ್ದಾಗ ಎರಡನೇ ಲೆಗ್‌ನ ಪ್ರತಿ ದಾಳಿಯಲ್ಲೂ ಜೀವ ಬಾಯಿಗೆ ಬರುತ್ತಿತ್ತು.

ಆಸ್ಟಿನ್‌ಟೌನ್_9:
ತಪ್ಪು ಉದಾಹರಣೆ ತಗೊಂಡಿದ್ದೀರಿ ಸಾರ್. ರೊಮೆರೊ ಹಿಡಿದ ಪೆನಾಲ್ಟಿಗಳು ಸುಮ್ನೆ ಬಂದವಾ? ಶೂಟೌಟ್ ಕೂಡ ಆಟದ ಭಾಗವೇ. ಅದಕ್ಕೂ ತಯಾರಿ ಬೇಕು, ಗುಂಡಿಗೆ ಬೇಕು. ಬೋಕಾ ಆ ವರ್ಷ ಸೋತದ್ದು ಫೈನಲ್‌ನಲ್ಲಿ, ರಿಯೊದ ಮರಕಾನಾ ಸ್ಟೇಡಿಯಂನಲ್ಲಿ ಫ್ಲುಮಿನೆನ್ಸ್ ಎದುರು, ಅದೂ ಎಕ್ಸ್‌ಟ್ರಾ ಟೈಮ್‌ನಲ್ಲಿ 2-1. ನಾಕೌಟ್‌ನಲ್ಲಿ ಅಲ್ಲಿಯವರೆಗೆ ಅವರನ್ನು ಸೋಲಿಸಲು ಯಾರಿಗೂ ಆಗಲಿಲ್ಲ. ಅದನ್ನೂ ಹೇಳಬೇಕಲ್ವಾ?

ಲೆಕ್ಕದ_ಮೇಷ್ಟ್ರು:
ಕೂತು ಲೆಕ್ಕ ಹಾಕಿದೆ. ಹಳೇ ನಿಯಮ ಇದ್ದಿದ್ದರೆ ಬೋಕಾ ಪ್ರೀಕ್ವಾರ್ಟರ್‌ನಲ್ಲೇ ಮನೆಗೆ. ಮೊದಲ ಲೆಗ್ ಮೊಂಟೆವಿಡಿಯೊದಲ್ಲಿ 0-0, ಎರಡನೆಯದು ಬೋಕಾ ತವರು ಬೊಂಬೊನೇರಾದಲ್ಲಿ 2-2. ನಾಸಿಯೊನಾಲ್‌ಗೆ ಎರಡು ಅವೇ ಗೋಲು, ಬೋಕಾಗೆ ಸೊನ್ನೆ.

ಇನ್ನೂ ದೊಡ್ಡದು ಕೇಳಿ. 2025ರ ಚಾಂಪಿಯನ್ ಫ್ಲಮೆಂಗೊ. ಕ್ವಾರ್ಟರ್‌ಫೈನಲ್‌ನಲ್ಲಿ ಎಸ್ತುದಿಯಾಂತೆಸ್ ಎದುರು ತವರು ಮರಕಾನಾದಲ್ಲಿ 2-1 ಗೆದ್ದರು, ಅವರ ಊರು ಲಾ ಪ್ಲಾಟಾದಲ್ಲಿ 0-1 ಸೋತರು. ಶೂಟೌಟ್‌ನಲ್ಲಿ ಗೋಲ್‌ಕೀಪರ್ ರೊಸ್ಸಿ ಉಳಿಸಿದ. ಹಳೇ ನಿಯಮದಲ್ಲಿ ಮರಕಾನಾದಲ್ಲಿ ಬಿದ್ದ ಆ ಒಂದು ಗೋಲಿಗೇ ಎಸ್ತುದಿಯಾಂತೆಸ್ ಸೆಮಿಗೆ ಹೋಗುತ್ತಿತ್ತು. ಫ್ಲಮೆಂಗೊಗೆ ಆ ವರ್ಷ ಕಪ್ಪೇ ಇಲ್ಲ.

ಹೆಬ್ಬಾಳ_ಫ್ಲಮೆಂಗೊ:
ಮೇಷ್ಟ್ರೇ, ಹಾಗೆ ಲೆಕ್ಕ ಹಾಕಲು ಬರುವುದಿಲ್ಲ. ನಿಯಮ ಬೇರೆ ಇದ್ದಿದ್ದರೆ ಆಟವೇ ಬೇರೆ ಇರುತ್ತಿತ್ತು. 2-1 ಲೀಡ್ ಸಾಕು ಅಂತ ಲಾ ಪ್ಲಾಟಾದಲ್ಲಿ ಯಾರೂ ಕೂರುತ್ತಿರಲಿಲ್ಲ. ಮರಕಾನಾದಲ್ಲಿ ಶುರುವಿನಲ್ಲೇ ಪೆಡ್ರೊ ಗೋಲು ಹೊಡೆದ. ಆಮೇಲೆ ನಮ್ಮ ಆಟಗಾರ ಪ್ಲಾಟಾಗೆ ರೆಡ್ ಕಾರ್ಡ್ ಆಯ್ತು, ಕೊನೇ ಗಳಿಗೆಯಲ್ಲಿ ಎಸ್ತುದಿಯಾಂತೆಸ್‌ನವರು ಒಂದು ಗೋಲು ತೆಗೆದರು. ಆ ಗೋಲಿಗೆ ಎರಡರ ಬೆಲೆ ಕಟ್ಟುವುದು ಯಾವ ನ್ಯಾಯ? 10 ಜನರ ಮೇಲೆ ಹೊಡೆದ ಗೋಲು ಅದು.

ಲೆಕ್ಕದ_ಮೇಷ್ಟ್ರು:
ಆಟ ಬದಲಾಗುತ್ತಿತ್ತು ಅನ್ನುವುದು ಒಪ್ಪಿದೆ. ನಾನು ಹೇಳಿದ್ದು ಇಷ್ಟೇ: ನಿಯಮ ಸಣ್ಣದಲ್ಲ, ಕಪ್ ಯಾರ ಕೈಗೆ ಹೋಗಬೇಕು ಅನ್ನುವುದನ್ನೇ ಅದು ತೀರ್ಮಾನಿಸುತ್ತದೆ.

ದಾವಣಗೆರೆ_ಡಿಫೆಂಡರ್:
ನಾನು ಡಿಫೆಂಡರ್ ಆಗಿ ಆಡಿದವನು, ಅದಕ್ಕೇ ಹೇಳುತ್ತಿದ್ದೇನೆ. ಅವೇ ಗೋಲ್ ನಿಯಮ ಮೊದಲ ಲೆಗ್ ಅನ್ನು ಕೊಂದು ಹಾಕಿತ್ತು. ತವರಿನ ತಂಡಕ್ಕೆ ಒಂದು ಗೋಲು ಬಿಟ್ಟುಕೊಡುವ ಭಯವೇ ಜಾಸ್ತಿ. 0-0 ಆದರೆ ಸಾಕಪ್ಪಾ ಅಂತ ಆಡುತ್ತಿದ್ದರು. ಸ್ವಂತ ಊರಲ್ಲಿ, ಸ್ವಂತ ಜನರ ಮುಂದೆ, ಹಾಗೆ ಆಡಬೇಕಾ? ಈಗ ಆ ಭಯ ಇಲ್ಲ. ತೆಗೆದದ್ದೇ ಸರಿ.

ಕರಾವಳಿ_ಕಿಕ್:
ಹಾಗಾದರೆ ಬೋಕಾ ಮತ್ತು ರೇಸಿಂಗ್ ನಡುವಿನ 0-0, 0-0 ಏನು? ಭಯ ಹೋದ ಮೇಲೂ 180 ನಿಮಿಷದಲ್ಲಿ ಒಂದು ಗೋಲಿಲ್ಲ. ಮುಂಚೆ ಮೊದಲ ಲೆಗ್ ಮಾತ್ರ ನಿಧಾನ ಇತ್ತು, ಈಗ ಎರಡೂ ನಿಧಾನ.

ಕೊರಿಂಥಿಯನ್ಸ್_ಕೋಲಾರ:
ಅವೇ ಗೋಲ್ ಇದ್ದಾಗಿನ ಬಿಸಿ ಹೇಗಿತ್ತು ಅಂತ ನೋಡಬೇಕಾದರೆ 2012ರ ಕ್ವಾರ್ಟರ್‌ಫೈನಲ್ ನೋಡಿ. ಕೊರಿಂಥಿಯನ್ಸ್ ಮತ್ತು ವಾಸ್ಕೊ. ಮೊದಲ ಲೆಗ್ ರಿಯೊದಲ್ಲಿ 0-0. ಎರಡನೆಯದು ಸಾವೊ ಪೌಲೊದ ಪಕಾಯೆಂಬು ಸ್ಟೇಡಿಯಂನಲ್ಲಿ. ಎರಡನೇ ಅರ್ಧದಲ್ಲೂ 0-0. ನಮ್ಮ ಡಿಫೆಂಡರ್ ಅಲೆಸ್ಸಾಂಡ್ರೊ ಕಾಲಿಂದ ಚೆಂಡು ಜಾರಿತು. ವಾಸ್ಕೊದ ಡಿಯೆಗೊ ಸೌಜಾ ಮೈದಾನದ ನಡುವಿಂದ ಒಬ್ಬನೇ ಓಡಿದ. ಮುಂದೆ ಗೋಲ್‌ಕೀಪರ್ ಕಾಸ್ಸಿಯೊ ಬಿಟ್ಟರೆ ಯಾರೂ ಇಲ್ಲ. ಓಡುವುದಕ್ಕೆ, ಯೋಚಿಸುವುದಕ್ಕೆ, ಮೂಲೆ ಆರಿಸುವುದಕ್ಕೆ ಬೇಕಾದಷ್ಟು ಸಮಯ ಇತ್ತು. ಕೆಳಮೂಲೆಗೆ ಹೊಡೆದ. ಕಾಸ್ಸಿಯೊ ಪೂರ್ತಿ ಮೈ ಚಾಚಿ ಬೆರಳ ತುದಿ ತಾಗಿಸಿದ. ಚೆಂಡು ಕಂಬದ ಪಕ್ಕದಿಂದ ಹೊರಗೆ, ಕಾರ್ನರ್.

ಆ ಗೋಲು ಆಗಿದ್ದರೆ ನಮಗೆ ಎರಡು ಬೇಕಿತ್ತು. ಸ್ಟೇಡಿಯಂನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಕೊನೆಗೆ 88ನೇ ನಿಮಿಷದ ಹೊತ್ತಿಗೆ ಪೌಲಿನ್ಯೊ ತಲೆಯಿಂದ ಹೊಡೆದ, 1-0. ಆ ವರ್ಷ ಒಂದೂ ಪಂದ್ಯ ಸೋಲದೆ ಮೊದಲ ಸಲ ಕಪ್ ಗೆದ್ದೆವು. ಫೈನಲ್‌ನಲ್ಲಿ ಬೋಕಾ ಎದುರು ಬೊಂಬೊನೇರಾದಲ್ಲಿ 1-1, ಮನೆಯಲ್ಲಿ 2-0. ಕಾಸ್ಸಿಯೊನ ಆ ಬೆರಳು ಇಲ್ಲದಿದ್ದರೆ ಏನೂ ಇಲ್ಲ.

ಆಸ್ಟಿನ್‌ಟೌನ್_9:
ಅದು ಒಳ್ಳೇ ಸೇವ್, ಎರಡು ಮಾತಿಲ್ಲ. ಆದರೆ ಈಗಿನ ನಿಯಮದಲ್ಲೂ ಅದು ಅಷ್ಟೇ ದೊಡ್ಡ ಸೇವ್ ಆಗಿರುತ್ತಿತ್ತು.

ಕೊರಿಂಥಿಯನ್ಸ್_ಕೋಲಾರ:
ಆಗುತ್ತಿರಲಿಲ್ಲ. ಒಂದು ಗೋಲು ಹಿಂದೆ ಬೀಳುವುದಕ್ಕೂ ಎರಡು ಬೇಕು ಅನ್ನುವುದಕ್ಕೂ ಅಜಗಜಾಂತರ ಇದೆ.

ಗೋಲ್‌ಕೀಪರ್_ಗದಗ:
ಸೇವ್ ಮಾತು ಬಂದ ಮೇಲೆ ವಿಕ್ಟರ್ ಹೆಸರು ಹೇಳದಿದ್ದರೆ ಹೇಗೆ! 2013, ಕ್ವಾರ್ಟರ್‌ಫೈನಲ್, ಅಟ್ಲೆಟಿಕೊ ಮಿನೇರೊ ಮತ್ತು ಮೆಕ್ಸಿಕೊದ ತಿಹುವಾನಾ. ಆಗ ಮೆಕ್ಸಿಕೊ ಕ್ಲಬ್‌ಗಳಿಗೂ ಆಹ್ವಾನ ಇರುತ್ತಿತ್ತು. ಅಲ್ಲಿ 2-2, ಇಲ್ಲಿ ಬೆಲೊ ಒರಿಜೊಂಟೆಯಲ್ಲಿ 1-1. ಅವೇ ಗೋಲ್ ಲೆಕ್ಕದಲ್ಲಿ ಮಿನೇರೊ ಸೆಮಿಗೆ ಹೋಗುವ ಹಾದಿಯಲ್ಲಿತ್ತು. ಇಂಜುರಿ ಟೈಮ್‌ನಲ್ಲಿ ತಿಹುವಾನಾಗೆ ಪೆನಾಲ್ಟಿ ಸಿಕ್ಕಿತು. ರಿಯಾಸ್ಕೊಸ್ ಹೊಡೆದ. ವಿಕ್ಟರ್ ಬಲಕ್ಕೆ ಬಿದ್ದ, ಚೆಂಡು ನಡುವೆ ಬಂತು. ಬೀಳುತ್ತಾ ಬೀಳುತ್ತಾ ಎಡಗಾಲು ಎತ್ತಿ ಒದ್ದ. ಚೆಂಡು ದೂರ ಹೋಯಿತು.

ನಾನು ಕಾಲೇಜು ದಿನಗಳಿಂದ ಗೋಲ್ ಕಾಯುತ್ತಿದ್ದೇನೆ. ಹುಡುಗರಿಗೆ ಕಲಿಸುವಾಗ ಇವತ್ತಿಗೂ ಆ ವಿಡಿಯೊ ತೋರಿಸುತ್ತೇನೆ. ಒಂದು ಕಡೆ ಬಿದ್ದ ಮೇಲೂ ಕಾಲು ಕೆಲಸ ಮಾಡುತ್ತಿರಬೇಕು ಅನ್ನುವುದಕ್ಕೆ ಅದಕ್ಕಿಂತ ಒಳ್ಳೇ ಪಾಠ ಇಲ್ಲ.

ಕರಾವಳಿ_ಕಿಕ್:
ಆ ಸಲದ ಮಿನೇರೊ ಓಟವೇ ಹಾಗೆ. ಸೆಮಿಯಲ್ಲಿ ನ್ಯೂವೆಲ್ಸ್ ಎದುರು 0-2 ಸೋತು, ಮನೆಯಲ್ಲಿ 2-0 ಗೆದ್ದು, ಶೂಟೌಟ್. ಫೈನಲ್‌ನಲ್ಲಿ ಪರಾಗ್ವೆಯ ಒಲಿಂಪಿಯಾ ಎದುರು ಮತ್ತೆ 0-2, ಮತ್ತೆ 2-0, ಮತ್ತೆ ಶೂಟೌಟ್. ರೊನಾಲ್ಡಿನ್ಯೊ ಆ ತಂಡದಲ್ಲಿದ್ದ. ಆ ಕಪ್ ಗೆದ್ದ ಜನರಿಗೆ ಶೂಟೌಟ್ ಕೆಟ್ಟದ್ದು ಅಂತ ಹೇಳಿ ನೋಡೋಣ.

ಹುಬ್ಬಳ್ಳಿ_ಹಾಫ್‌ಟೈಮ್:
ಒಂದು ಡೌಟು. 2018ರ ಫೈನಲ್‌ನಲ್ಲಿ ಬೋಕಾ ಮನೆಯಲ್ಲಿ 2-2 ಆಗಿತ್ತಲ್ವಾ? ಹಾಗಾದರೆ ಅವೇ ಗೋಲ್ ಲೆಕ್ಕದಲ್ಲಿ ರಿವರ್ ಪ್ಲೇಟ್‌ಗೆ ಎರಡನೇ ಲೆಗ್ 0-0 ಆಗಿದ್ದರೂ ಸಾಕಿತ್ತು ಅಲ್ವಾ?

ಲೆಕ್ಕದ_ಮೇಷ್ಟ್ರು:
ಇಲ್ಲ. ನಿಯಮ ಇದ್ದ ಕಾಲದಲ್ಲೂ ಫೈನಲ್‌ಗೆ ಅದು ಅನ್ವಯ ಆಗುತ್ತಿರಲಿಲ್ಲ. ಸಮ ಆದರೆ ಎಕ್ಸ್‌ಟ್ರಾ ಟೈಮ್. ಅದಕ್ಕೇ ಮ್ಯಾಡ್ರಿಡ್‌ನಲ್ಲಿ 1-1 ಆದಾಗ ಆಟ ಮುಂದುವರಿಯಿತು. ಕಿಂತೇರೊ ಹೊಡೆದ ಗೋಲು ಬಂದದ್ದು ಆ ಎಕ್ಸ್‌ಟ್ರಾ ಟೈಮ್‌ನಲ್ಲೇ. ಕೊನೆಗೆ 3-1.

ಅದೇ ವರ್ಷ ಸೆಮಿಯಲ್ಲಿ ಮಾತ್ರ ರಿವರ್ ಬದುಕಿದ್ದು ಅವೇ ಗೋಲ್‌ನಿಂದ. ಗ್ರೇಮಿಯೊ ಎದುರು ಬ್ಯೂನಸ್ ಐರಿಸ್‌ನಲ್ಲಿ 0-1 ಸೋತರು. ಪೋರ್ಟೊ ಅಲೆಗ್ರೆಯಲ್ಲಿ 82ನೇ ನಿಮಿಷದ ತನಕ 0-1 ಹಿಂದೆ. ಬೊರ್ರೆ ಒಂದು ಹೊಡೆದ. ಆಮೇಲೆ ವಿಎಆರ್ (ವಿಡಿಯೊ ರೆಫ್ರಿ) ಹ್ಯಾಂಡ್‌ಬಾಲ್ ಹಿಡಿಯಿತು. 95ನೇ ನಿಮಿಷದಲ್ಲಿ ಪಿಟಿ ಮಾರ್ಟಿನೆಸ್ ಪೆನಾಲ್ಟಿ ಹಾಕಿದ. ಒಟ್ಟು 2-2, ಅವೇ ಗೋಲು ರಿವರ್‌ಗೆ ಎರಡು, ಗ್ರೇಮಿಯೊಗೆ ಒಂದು.

ಹೆಬ್ಬಾಳ_ಫ್ಲಮೆಂಗೊ:
ಆ ಪಂದ್ಯದಲ್ಲಿ ರಿವರ್ ಕೋಚ್ ಗಲಾರ್ಡೊ ನಿಷೇಧದಲ್ಲಿದ್ದ. ಆದರೂ ಹಾಫ್‌ಟೈಮ್‌ನಲ್ಲಿ ಡ್ರೆಸ್ಸಿಂಗ್ ರೂಮ್‌ಗೆ ಹೋದ. ಗ್ರೇಮಿಯೊ ದೂರು ಕೊಟ್ಟಿತು, ಟೂರ್ನಿ ನಡೆಸುವ ದಕ್ಷಿಣ ಅಮೆರಿಕದ ಒಕ್ಕೂಟ ಕಾನ್‌ಮೆಬೋಲ್ ಫಲಿತಾಂಶ ಬದಲಿಸಲಿಲ್ಲ. ನನಗೆ ಇದು ಇವತ್ತಿಗೂ ಜೀರ್ಣ ಆಗಿಲ್ಲ. ನಿಯಮ ಮುರಿದವನ ತಂಡ ಕಪ್ ಎತ್ತಿತು.

ರಿವರ್_ರಾಮನಗರ:
ಗಲಾರ್ಡೊಗೆ ದಂಡ ಆಯ್ತು, ಫೈನಲ್‌ಗೆ ಬೆಂಚ್ ಮೇಲೆ ಕೂರಲೂ ಬಿಡಲಿಲ್ಲ. ಸಾಕಲ್ವಾ? ಅವರಿಲ್ಲದೆಯೂ ಬೋಕಾವನ್ನು ಸೋಲಿಸಿದೆವು. ಆಟಗಾರರು ಗೆದ್ದದ್ದನ್ನು ಕಿತ್ತುಕೊಳ್ಳಬೇಕಿತ್ತಾ?

ಹೆಬ್ಬಾಳ_ಫ್ಲಮೆಂಗೊ:
2015ರಲ್ಲಿ ಬೋಕಾದಿಂದ ಕಿತ್ತುಕೊಂಡರಲ್ಲ?

ರಿವರ್_ರಾಮನಗರ:
ಅದೂ ಇದೂ ಒಂದೇನಾ? 2015ರಲ್ಲಿ ಪ್ರೀಕ್ವಾರ್ಟರ್‌ನ ಎರಡನೇ ಲೆಗ್, ಬೊಂಬೊನೇರಾ. ಹಾಫ್‌ಟೈಮ್ ಮುಗಿದು ನಮ್ಮ ಹುಡುಗರು ಟನಲ್‌ನಿಂದ ಮೈದಾನಕ್ಕೆ ಬರುತ್ತಿದ್ದಾಗ ಪೆಪ್ಪರ್ ಸ್ಪ್ರೇ ಹೊಡೆದರು. ಕಣ್ಣು ಉರಿ, ಮೈ ಉರಿ, ನೀರು ಸುರಿದುಕೊಂಡು ನಿಂತಿದ್ದರು. ಆಡುವ ಸ್ಥಿತಿಯೇ ಇರಲಿಲ್ಲ. ಪಂದ್ಯ ಅಲ್ಲಿಗೇ ನಿಂತಿತು, ಬೋಕಾ ಟೂರ್ನಿಯಿಂದ ಹೊರಗೆ. ಮೊದಲ ಲೆಗ್ ನಾವು 1-0 ಗೆದ್ದಿದ್ದೆವು.

ಇನ್ನೊಂದು ವಿಷಯ ಜನ ಮರೆಯುತ್ತಾರೆ. ಆ ವರ್ಷ ಗುಂಪು ಹಂತದಲ್ಲಿ ಬೋಕಾ ಆರಕ್ಕೆ ಆರೂ ಗೆದ್ದು 18 ಅಂಕ ತಗೊಂಡಿತ್ತು. ನಾವು 7 ಅಂಕದಲ್ಲಿ ಹೇಗೋ ದಾಟಿದ್ದೆವು. ಆಗ ಅಂಕದ ಮೇಲೆ 1ರಿಂದ 16ರ ತನಕ ಸಾಲು ಹಚ್ಚಿ ಜೋಡಿ ಮಾಡುತ್ತಿದ್ದರು. ಹಾಗೆ ಒಂದನೇ ನಂಬರ್ ಬೋಕಾಗೆ 16ನೇ ನಂಬರ್ ರಿವರ್ ಎದುರಾಯಿತು. ಕಪ್ ಗೆದ್ದದ್ದು 16ನೇ ನಂಬರ್. ಗುಂಪು ಹಂತದ ಅಂಕ ನಾಕೌಟ್‌ಗೆ ಉಪಯೋಗಕ್ಕೆ ಬರುವುದಿಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಆಸ್ಟಿನ್‌ಟೌನ್_9:
👏 ಆ ಟೂರ್ನಿ ಮರೆಯುವ ಹಾಗಿಲ್ಲ.

ಶಿರಸಿ_ಸ್ಟ್ರೈಕರ್:
ಎಲ್ಲರೂ ಅವೇ ಗೋಲ್ ಅಂತಿದ್ದೀರಿ. ನನ್ನ ಪ್ರಕಾರ ನಿಜವಾದ ಅನ್ಯಾಯ ಬೇರೆ ಇದೆ: ಎತ್ತರ. ಈಕ್ವೆಡಾರ್‌ನ ಕಿಟೊ 2850 ಮೀಟರ್, ಬೊಲಿವಿಯಾದ ಲಾ ಪಾಸ್ 3600 ಮೀಟರ್ ಮೇಲೆ. ಸಮುದ್ರ ಮಟ್ಟದಿಂದ ಹೋದವರಿಗೆ ಅಲ್ಲಿ ಉಸಿರೇ ಸಿಗುವುದಿಲ್ಲ. ಚೆಂಡು ಕೂಡ ತೆಳು ಗಾಳಿಯಲ್ಲಿ ಬೇರೆ ಥರ ಹಾರುತ್ತದೆ, ತಿರುವು ಕಡಿಮೆ, ವೇಗ ಜಾಸ್ತಿ. ಅಂಥ ಕಡೆ ಒಂದು ಲೆಗ್ ಆಡಿಸಿ ಒಟ್ಟು ಸ್ಕೋರ್ ಹಿಡಿದರೆ ಸಮ ಪೈಪೋಟಿ ಹೇಗಾಗುತ್ತದೆ?

ಕೊಡಗಿನ_ಕಾರ್ನರ್:
ಎತ್ತರದಲ್ಲಿ ಹುಟ್ಟಿದ್ದು ಅವರ ತಪ್ಪಾ? ಫಿಫಾ 2007ರಲ್ಲಿ ಎತ್ತರದ ಊರುಗಳಲ್ಲಿ ಅಂತರರಾಷ್ಟ್ರೀಯ ಪಂದ್ಯ ಬೇಡ ಅಂದಿತ್ತು. ಬೊಲಿವಿಯಾ ಜನ ಎದ್ದು ನಿಂತರು, 2008ರಲ್ಲಿ ಆ ನಿಷೇಧ ಬಿದ್ದುಹೋಯಿತು. ಸರಿಯಾಗೇ ಆಯ್ತು. ಮನಾಸ್ ಕಡೆಯ ಸೆಕೆ, ರಿಯೊದ ತೇವ, ಅವರಿಗೂ ಕಷ್ಟವೇ ತಾನೇ? ಲಾ ಪಾಸ್ ಹುಡುಗರು ಮರಕಾನಾಗೆ ಬಂದು ಒದ್ದಾಡಿದರೆ ಯಾರೂ ಕೇಳುವುದಿಲ್ಲ.

ಶಿರಸಿ_ಸ್ಟ್ರೈಕರ್:
ಸೆಕೆಗೂ ಆಮ್ಲಜನಕ ಸಿಗದೆ ಇರುವುದಕ್ಕೂ ಹೋಲಿಕೆ ಇಲ್ಲ. ತಂಡಗಳು ಕೆಳಗಿನ ಸಾಂತಾ ಕ್ರೂಸ್‌ನಲ್ಲಿ ಉಳಿದು, ಪಂದ್ಯಕ್ಕೆ ಕೆಲವೇ ಗಂಟೆ ಮುಂಚೆ ಲಾ ಪಾಸ್‌ಗೆ ವಿಮಾನ ಹತ್ತುತ್ತವೆ. ಮೈಗೆ ಎತ್ತರ ತಟ್ಟುವ ಮೊದಲೇ ಆಡಿ ಇಳಿದುಬಿಡಬೇಕು ಅಂತ. ಇಂಥ ತಾಪತ್ರಯ ಬೇರೆ ಯಾವ ಟೂರ್ನಿಯಲ್ಲಿದೆ?

ರಿವರ್_ರಾಮನಗರ:
ಎತ್ತರದಲ್ಲಿ ಸೋತರೂ ದಾರಿ ಮುಚ್ಚುವುದಿಲ್ಲ. 2017ರ ಕ್ವಾರ್ಟರ್‌ನಲ್ಲಿ ಕೊಚಬಾಂಬಾದಲ್ಲಿ ಹೋರ್ಹೆ ವಿಲ್ಸ್ಟರ್‌ಮನ್ ನಮ್ಮನ್ನು 3-0 ಸೋಲಿಸಿತು. ಮುಂದಿನ ವಾರ ನಮ್ಮ ಮೊನುಮೆಂಟಲ್ ಸ್ಟೇಡಿಯಂನಲ್ಲಿ ನಾವು 8-0. ಸ್ಕೊಕ್ಕೊ ಒಬ್ಬನೇ ಐದು ಗೋಲು! ಎರಡು ಲೆಗ್ ಇರುವುದೇ ಅದಕ್ಕೆ. ಅವರಿಗೆ ಅವರ ಮನೆ, ನಮಗೆ ನಮ್ಮ ಮನೆ.

ಕೊಡಗಿನ_ಕಾರ್ನರ್:
2025ರ ಸೆಮಿಯೂ ಅಷ್ಟೇ. ಎಲ್‌ಡಿಯು ಕಿಟೊ ತನ್ನ ಊರಲ್ಲಿ ಪಾಲ್ಮೇರಾಸ್‌ಗೆ 3-0 ಹೊಡೆಯಿತು. ಅದಕ್ಕೂ ಮುಂಚೆ ಹಾಲಿ ಚಾಂಪಿಯನ್ ಬೊಟಾಫೊಗೊವನ್ನೂ ಸಾವೊ ಪೌಲೊವನ್ನೂ ಮನೆಗೆ ಕಳಿಸಿತ್ತು. ಎಲ್ಲರೂ ಮುಗೀತು ಅಂದರು. ಪಾಲ್ಮೇರಾಸ್ ತನ್ನ ಮನೆಯಲ್ಲಿ 4-0 ಗೆದ್ದಿತು, ವೇಯ್ಗಾ ಎರಡು ಗೋಲು ಹಾಕಿದ. ಶೂಟೌಟ್‌ಗೂ ಬಿಡಲಿಲ್ಲ.

ಪ್ರವಾಸಿ_ಪಾಸ್:
ಕೆಲಸದ ಮೇಲೆ ಸಾವೊ ಪೌಲೊದಲ್ಲಿ ಕೆಲವು ತಿಂಗಳು ಇದ್ದೆ. ಪಾಲ್ಮೇರಾಸ್ ನಾಕೌಟ್ ಇರುವ ದಿನ ಸ್ಟೇಡಿಯಂ ಪಕ್ಕದ ಪಲೆಸ್ತ್ರಾ ಇಟಾಲಿಯಾ ರಸ್ತೆಯಲ್ಲಿ ಮಧ್ಯಾಹ್ನದಿಂದಲೇ ಹಸಿರು ಶರ್ಟು. ಫುಟ್‌ಪಾತ್ ಮೇಲೆ ಇದ್ದಿಲ ಒಲೆ, ಕಡ್ಡಿಗೆ ಚುಚ್ಚಿದ ಮಾಂಸ ಸುಡುತ್ತಾರೆ, ಹೊಗೆ ಇಡೀ ಬೀದಿಗೆ. ಟಿಕೆಟ್ ಇಲ್ಲದವರೂ ಬರುತ್ತಾರೆ. ಬಾರ್‌ನ ಟಿವಿ ಮುಂದೆ ನಿಂತು ನೋಡುತ್ತಾರೆ, ಒಳಗಿನ ಕೂಗು ಟಿವಿಗಿಂತ ಮುಂಚೆ ಕಿವಿಗೆ ಬೀಳುತ್ತದೆ. ಗೋಲು ಆಯ್ತು ಅಂತ ಗೊತ್ತಾದ ಮೇಲೆ ಟಿವಿಯಲ್ಲಿ ಗೋಲು ನೋಡಿದ ಅನುಭವ ನನಗೆ ಅಲ್ಲೇ ಆದದ್ದು.

ಪಕ್ಕದಲ್ಲಿ ನಿಂತಿದ್ದ ವಯಸ್ಸಾದವರೊಬ್ಬರು ಪಂದ್ಯ ಮುಗಿಯುವ ತನಕ ಒಂದು ಮಾತೂ ಆಡಲಿಲ್ಲ. ಕೈಯಲ್ಲಿ ಜಪಮಾಲೆ. ಮುಗಿದ ಮೇಲೆ ನನ್ನನ್ನು ತಬ್ಬಿಕೊಂಡರು. ನನ್ನ ಪರಿಚಯವೇ ಇಲ್ಲ ಅವರಿಗೆ.

ಅದಕ್ಕೇ ನನಗೆ ಬೇಜಾರು ಅವೇ ಗೋಲ್ ಬಗ್ಗೆ ಅಲ್ಲ, ಒಂದೇ ಪಂದ್ಯದ ಫೈನಲ್ ಬಗ್ಗೆ. ಆ ಬೀದಿಗೆ ಫೈನಲ್ ಬರುವುದೇ ಇಲ್ಲ ಈಗ.

ಮಲ್ಲೇಶ್ವರಂ_ಮಿಡ್‌ಫೀಲ್ಡ್:
ಇದು ನನ್ನ ಮನಸ್ಸಿನ ಮಾತು. 2019ರಿಂದ ಫೈನಲ್ ಒಂದೇ ಪಂದ್ಯ, ಊರು ಮೊದಲೇ ನಿಗದಿ. ಮೊದಲ ವರ್ಷವೇ ಚಿಲಿಯ ಸಾಂಟಿಯಾಗೊದಲ್ಲಿ ಗಲಾಟೆ ಅಂತ ಲಿಮಾಗೆ ಬದಲಾಯಿಸಿದರು. ಟಿಕೆಟ್, ವಿಮಾನ ತಗೊಂಡಿದ್ದ ಜನರ ಗತಿ ಯೋಚಿಸಿ. 2025ರಲ್ಲಿ ಎರಡೂ ಬ್ರೆಜಿಲ್ ತಂಡ, ಫ್ಲಮೆಂಗೊ ಮತ್ತು ಪಾಲ್ಮೇರಾಸ್, ಆಡಿದ್ದು ಪೆರುವಿನ ಲಿಮಾದಲ್ಲಿ. ರಿಯೊದಿಂದ ಸಾವೊ ಪೌಲೊಗೆ ಬಸ್ಸಲ್ಲಿ ಹೋಗಬಹುದು. ಅಂಥವರನ್ನು ಖಂಡ ದಾಟಿಸಿ ಕಳಿಸಿದರು.

ಹೆಬ್ಬಾಳ_ಫ್ಲಮೆಂಗೊ:
ಆದರೂ ಜನ ಹೋದರಲ್ಲ ಸಾರ್. 2019ರ ಲಿಮಾ ಫೈನಲ್ ಒಂದು ಸಾಕು ನನಗೆ. 14ನೇ ನಿಮಿಷದಲ್ಲೇ ರಿವರ್‌ನ ಬೊರ್ರೆ ಗೋಲು. ಅಲ್ಲಿಂದ 89ನೇ ನಿಮಿಷದ ತನಕ ರಿವರ್ ಮುಂದೆ. ನಮ್ಮ ಫ್ಲಮೆಂಗೊದ ಗಬಿಗೋಲ್ ಒಂದು ಹೊಡೆದ. ಮೂರು ನಿಮಿಷದಲ್ಲಿ ಇನ್ನೊಂದು. 2-1. ಎರಡು ಲೆಗ್ ಇದ್ದಿದ್ದರೆ ಆ ಮೂರು ನಿಮಿಷಕ್ಕೆ ಇಷ್ಟು ತೂಕ ಇರುತ್ತಿತ್ತಾ? ಇನ್ನೊಂದು ವಾರ ಇದೆಯಲ್ಲ ಅಂತ ಎಲ್ಲರೂ ಸಮಾಧಾನ ಮಾಡಿಕೊಳ್ಳುತ್ತಿದ್ದರು.

ರಿವರ್_ರಾಮನಗರ:
ಆ ಮೂರು ನಿಮಿಷ ನೆನಪಿಸಬೇಡಿ ದಯವಿಟ್ಟು.

ದಾವಣಗೆರೆ_ಡಿಫೆಂಡರ್:
ಒಂದೇ ಪಂದ್ಯ ಅನ್ನುವುದಕ್ಕೆ 2024 ಕೂಡ ಸೇರಿಸಿ. ಬೊಟಾಫೊಗೊದ ಗ್ರೆಗೊರೆ ಮೊದಲ ನಿಮಿಷದಲ್ಲೇ ರೆಡ್ ಕಾರ್ಡ್. ಇಡೀ ಫೈನಲ್ 10 ಜನ ಆಡಿದರು, ಅಟ್ಲೆಟಿಕೊ ಮಿನೇರೊವನ್ನು 3-1 ಸೋಲಿಸಿದರು. ಕ್ಲಬ್‌ನ ಮೊದಲ ಲಿಬರ್ಟಡೋರೆಸ್. ಡಿಫೆನ್ಸ್ ಅಂದರೆ ಏನು ಅಂತ ಕೇಳುವವರಿಗೆ ಆ ಪಂದ್ಯ ತೋರಿಸಿ.

ಕರಾವಳಿ_ಕಿಕ್:
ಚೆನ್ನಾಗಿತ್ತು. ಆದರೆ ಅದು ಬ್ಯೂನಸ್ ಐರಿಸ್‌ನಲ್ಲಿ ನಡೆಯಿತು, ಎರಡೂ ತಂಡ ಬ್ರೆಜಿಲ್. ಅದೇ ಫೈನಲ್ ರಿಯೊದಲ್ಲಿ ಒಂದು, ಬೆಲೊ ಒರಿಜೊಂಟೆಯಲ್ಲಿ ಒಂದು ಅಂತ ಇದ್ದಿದ್ದರೆ ಎರಡೂ ಊರು ಕುಣಿಯುತ್ತಿದ್ದವು.

ಹಳೇ_ಮೈದಾನ:
ನಾನು ಸ್ವಲ್ಪ ಹಿಂದಕ್ಕೆ ಕರೆದುಕೊಂಡು ಹೋಗುತ್ತೇನೆ. ಈ ಟೂರ್ನಿ 1960ರಲ್ಲಿ ಶುರು, ಮೊದಲ ಚಾಂಪಿಯನ್ ಉರುಗ್ವೆಯ ಪೆನ್ಯರೋಲ್. ಆಗ ಎರಡು ಲೆಗ್‌ನಲ್ಲಿ ಒಬ್ಬೊಬ್ಬರು ಒಂದೊಂದು ಗೆದ್ದರೆ ಬೇರೆ ಊರಲ್ಲಿ ಮೂರನೇ ಪಂದ್ಯ ಆಡಿಸುತ್ತಿದ್ದರು. 1962ರಲ್ಲಿ ಪೆಲೆಯ ಸಾಂಟೋಸ್ ಕಪ್ ಗೆದ್ದದ್ದು ಹಾಗೇ. ಮೊಂಟೆವಿಡಿಯೊದಲ್ಲಿ 2-1 ಗೆದ್ದರು, ತವರಿನಲ್ಲಿ 2-3 ಸೋತರು, ಬ್ಯೂನಸ್ ಐರಿಸ್‌ನ ಮೂರನೇ ಪಂದ್ಯದಲ್ಲಿ ಪೆನ್ಯರೋಲ್‌ಗೆ 3-0.

ನನ್ನ ಮನಸ್ಸಲ್ಲಿ ಉಳಿದದ್ದು 1987. ಪೆನ್ಯರೋಲ್ ಮತ್ತು ಕೊಲಂಬಿಯಾದ ಅಮೆರಿಕಾ ದೆ ಕಾಲಿ. ಪೆನ್ಯರೋಲ್ ಕಾಲಿ ಊರಲ್ಲಿ 0-2 ಸೋತಿತು, ಮೊಂಟೆವಿಡಿಯೊದಲ್ಲಿ 2-1 ಗೆದ್ದಿತು. ಮೂರನೆಯದು ಸಾಂಟಿಯಾಗೊದಲ್ಲಿ. 90 ನಿಮಿಷ 0-0. ಎಕ್ಸ್‌ಟ್ರಾ ಟೈಮ್ ಮುಗಿದರೂ 0-0 ಆದರೆ ಗೋಲು ವ್ಯತ್ಯಾಸದ ಮೇಲೆ ಕಪ್ ಕಾಲಿ ತಂಡಕ್ಕೆ. ಅಂದರೆ ಅವರು ಸುಮ್ನೆ ಸಮಯ ಕಳೆದರೂ ಸಾಕಿತ್ತು. 120ನೇ ನಿಮಿಷದಲ್ಲಿ ಪೆನ್ಯರೋಲ್‌ನ ಡಿಯೆಗೊ ಅಗಿರ್ರೆ ಗೋಲು ಹೊಡೆದ. 1-0. ಕಾಲಿ ತಂಡಕ್ಕೆ ಅದು ಸತತ ಮೂರನೇ ಫೈನಲ್ ಸೋಲು, 1985, 86, 87. 1996ರಲ್ಲಿ ಮತ್ತೆ ಫೈನಲ್‌ಗೆ ಬಂದರು, ಮತ್ತೆ ಸೋತರು. ಆ ಕಪ್ ಇವತ್ತಿಗೂ ಅವರಿಗೆ ಸಿಕ್ಕಿಲ್ಲ.

ಶೂಟೌಟ್ ಕ್ರೂರ, ಅವೇ ಗೋಲ್ ಕ್ರೂರ ಅನ್ನುವವರು ಕಾಲಿ ಜನರನ್ನು ಕೇಳಬೇಕು. ಮೂರು ಪಂದ್ಯ ಆಡಿಸಿದರೂ ಕ್ರೂರವೇ.

ಗೌತಮಪುರ_10:
ಪೆಲೆ ಹೆಸರು ಬಂತಲ್ಲ, ಅದಕ್ಕೆ ಬಂದೆ. ನಮ್ಮ ಏರಿಯಾದಲ್ಲಿ ಪೆಲೆ ಪ್ರತಿಮೆಯೇ ಇದೆ. ವಿಶ್ವಕಪ್ ಬಂದರೆ ಇಡೀ ಗೌತಮಪುರ ಹಳದಿ. ಆದರೆ ಲಿಬರ್ಟಡೋರೆಸ್ ನೋಡುವವರು ಕಡಿಮೆ. ಸಾಂಟೋಸ್ ಅಂದರೆ ಗೊತ್ತು, ಸಾಂಟೋಸ್ ಯಾವ ಕಪ್ ಗೆದ್ದಿತು ಅಂತ ಗೊತ್ತಿಲ್ಲ. 1962, 63, ಆಮೇಲೆ ನೇಮರ್ ಇದ್ದಾಗ 2011. ನಮ್ಮ ಹುಡುಗರಿಗೆ ಇದನ್ನು ಹೇಳಿಕೊಡಬೇಕು ಅಂತ ನನ್ನ ಆಸೆ.

ಹುಬ್ಬಳ್ಳಿ_ಹಾಫ್‌ಟೈಮ್:
ನೋಡುವುದು ಹೇಗೆ ಅಣ್ಣಾ? ಟೈಮೇ ಕಷ್ಟ.

ಗೌತಮಪುರ_10:
ಅಷ್ಟೇನೂ ಕಷ್ಟ ಇಲ್ಲ. ಬ್ರೆಜಿಲ್, ಅರ್ಜೆಂಟೀನಾ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ರಾತ್ರಿ 9.30ರ ಪಂದ್ಯ ಇಲ್ಲಿ ಬೆಳಿಗ್ಗೆ 6ಕ್ಕೆ. ಕಾಫಿ ಕುಡಿಯುತ್ತಾ ನೋಡಿ ಕೆಲಸಕ್ಕೆ ಹೋಗಬಹುದು. ಸಂಜೆ 7ರದ್ದು ಬಂದರೆ ಮಾತ್ರ ಇಲ್ಲಿ 3.30, ಅದು ನಿದ್ದೆಗೆಡಿಸುತ್ತದೆ. ಯುರೋಪಿನ ಪಂದ್ಯಗಳಿಗಿಂತ ಇದೇ ವಾಸಿ.

ಕಂಠೀರವ_ಗ್ಯಾಲರಿ:
ಅವೇ ಗೋಲ್ ಪರವಾಗಿ ನಮ್ಮದೂ ಒಂದು ನೆನಪು. 2016ರ ಎಎಫ್‌ಸಿ ಕಪ್ (ಏಷ್ಯಾದ ಕ್ಲಬ್ ಟೂರ್ನಿ) ಸೆಮಿ. ನಮ್ಮ ಬೆಂಗಳೂರು ಎಫ್‌ಸಿ ಮಲೇಷ್ಯಾಗೆ ಹೋಗಿ ಜೊಹೊರ್ ಎದುರು 1-1 ಮಾಡಿಕೊಂಡು ಬಂತು. ಆ ಒಂದು ಗೋಲು ಕೈಯಲ್ಲಿದೆ ಅನ್ನುವ ಧೈರ್ಯದಲ್ಲೇ ಕಂಠೀರವಕ್ಕೆ ಹೋಗಿ ಕೂತಿದ್ದೆವು. ಅವರು ಮೊದಲು ಹೊಡೆದಾಗ ಗ್ಯಾಲರಿ ಒಂದು ಕ್ಷಣ ಸ್ತಬ್ಧ. ಆಮೇಲೆ ಛೆಟ್ರಿ ಎರಡು, ಹುವಾನನ್ ಒಂದು. 3-1. ಕೊನೆಗೆ ಅವೇ ಗೋಲ್ ಬೇಕಾಗಲಿಲ್ಲ. ಆದರೆ ವಾರಗಟ್ಟಲೆ ಅದನ್ನೇ ಲೆಕ್ಕ ಹಾಕಿದ್ದೆವು. ಆ ಲೆಕ್ಕಾಚಾರದಲ್ಲೇ ಅರ್ಧ ಸುಖ ಇತ್ತು.

ಮಲ್ಲೇಶ್ವರಂ_ಮಿಡ್‌ಫೀಲ್ಡ್:
ನಾನು ಆವತ್ತು ವೆಸ್ಟ್ ಬ್ಲಾಕ್‌ನಲ್ಲಿದ್ದೆ! ಎರಡು ಲೆಗ್ ಅಂದರೆ ಏನು ಅಂತ ಬೆಂಗಳೂರಿಗೆ ಗೊತ್ತಾದದ್ದು ಆ ರಾತ್ರಿ.

ಲೆಕ್ಕದ_ಮೇಷ್ಟ್ರು:
ನನ್ನ ಸಲಹೆ ಬರೆದುಬಿಡುತ್ತೇನೆ. ಅವೇ ಗೋಲ್ ಬೇಡ, ಡಿಫೆಂಡರ್ ಅವರು ಹೇಳಿದ ಭಯ ನಿಜ. ಆದರೆ ಎರಡನೇ ಲೆಗ್ ಮುಗಿದ ಮೇಲೆ 30 ನಿಮಿಷ ಎಕ್ಸ್‌ಟ್ರಾ ಟೈಮ್ ಕೊಡಿ. ಶೂಟೌಟ್‌ಗಾಗಿ ಕಾಯುವ ತಂಡಕ್ಕೆ ಆಗ ಇನ್ನೂ 30 ನಿಮಿಷ ಕಾಯಬೇಕು. ಕಾಲು ಸುಸ್ತಾದ ಮೇಲೆ ಗೋಡೆ ಬೀಳುತ್ತದೆ.

ಶಿರಸಿ_ಸ್ಟ್ರೈಕರ್:
ಎರಡನೇ ಲೆಗ್ ಲಾ ಪಾಸ್‌ನಲ್ಲಿ ಬಂದರೆ? ಆ ಎತ್ತರದಲ್ಲಿ 120 ನಿಮಿಷ ಓಡಿಸುತ್ತೀರಾ? ಗುಂಪಿನಲ್ಲಿ ಮೇಲಿದ್ದವರಿಗೆ ಎರಡನೇ ಲೆಗ್ ತವರಿನಲ್ಲಿ ಸಿಗುವುದೇ ದೊಡ್ಡ ಅನುಕೂಲ. ಎಕ್ಸ್‌ಟ್ರಾ ಟೈಮೂ ಅಲ್ಲೇ ಆದರೆ ಇನ್ನೂ ಅನ್ಯಾಯ.

ಲೆಕ್ಕದ_ಮೇಷ್ಟ್ರು:
ಗುಂಪಿನಲ್ಲಿ ಗೆದ್ದು ಗಳಿಸಿದ ಅನುಕೂಲ ಅದು. ಇರಲಿ ಬಿಡಿ.

ಕೊಡಗಿನ_ಕಾರ್ನರ್:
ನಿಯಮದ ಗಲಾಟೆಯಲ್ಲಿ ದುಡ್ಡಿನ ವಿಷಯ ಯಾರೂ ಎತ್ತಲಿಲ್ಲ. 2019ರಿಂದ 2025ರ ತನಕ ಏಳಕ್ಕೆ ಏಳೂ ಬ್ರೆಜಿಲ್ ಕ್ಲಬ್‌ಗಳೇ ಗೆದ್ದಿವೆ. ಅದರಲ್ಲಿ ಐದು ಫೈನಲ್‌ನಲ್ಲಿ ಎರಡೂ ಕಡೆ ಬ್ರೆಜಿಲ್. ಒಟ್ಟು ಪಟ್ಟಿಯಲ್ಲಿ ಅರ್ಜೆಂಟೀನಾ 25, ಬ್ರೆಜಿಲ್ 25, ಸಮ ಆಗಿದೆ. ಅವೇ ಗೋಲ್ ತಂದರೂ ಬಿಟ್ಟರೂ ದುಡ್ಡಿರುವ ತಂಡದ ಬೆಂಚ್ ಉದ್ದವೇ. ಇಂಡಿಪೆಂಡಿಯೆಂಟೆ ದೆಲ್ ವಾಲೆ ಥರದ ಚಿಕ್ಕ ಕ್ಲಬ್ 2016ರಲ್ಲಿ ರಿವರ್, ಬೋಕಾ ಎರಡನ್ನೂ ಹೊರಹಾಕಿ ಫೈನಲ್‌ಗೆ ಬಂತು. ಅದೂ ಈಕ್ವೆಡಾರ್ ಭೂಕಂಪದ ವರ್ಷ, ಟಿಕೆಟ್ ದುಡ್ಡನ್ನು ಸಂತ್ರಸ್ತರಿಗೆ ಕೊಡುತ್ತಾ. ಅಂಥ ಓಟ ಮತ್ತೆ ಬರಬೇಕು ಅಂದರೆ ಏನು ಮಾಡಬೇಕು? ಅದನ್ನು ಚರ್ಚೆ ಮಾಡೋಣ.

ರಿವರ್_ರಾಮನಗರ:
ಆ ವಾಲೆ ತಂಡಕ್ಕೆ ನನ್ನ ಸಲಾಂ, ನಮ್ಮನ್ನು ಹೊರಹಾಕಿದ್ದರೂ. ಆದರೆ 25-25 ಅಂದಿರಲ್ಲ, 26ನೆಯದು ನಮ್ಮ ಕಡೆಗೇ.

ಹೆಬ್ಬಾಳ_ಫ್ಲಮೆಂಗೊ:
ನೋಡೋಣ. 2025ರಲ್ಲಿ ರೇಸಿಂಗ್ ಕೂಡ ಸೆಮಿ ತನಕ ಬಂದು ಹಾಗೇ ಅಂದಿತ್ತು. ಮರಕಾನಾದಲ್ಲಿ 1-0, ಅಲ್ಲಿ 0-0, ಮುಗೀತು.

ಮಲ್ಲೇಶ್ವರಂ_ಮಿಡ್‌ಫೀಲ್ಡ್:
ಕೊಡಗಿನವರೇ, ದುಡ್ಡಿನ ವಿಷಯಕ್ಕೆ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಈ ಪ್ರಶ್ನೆಗೆ ನನ್ನ ಉತ್ತರ ಬದಲಾಗಿಲ್ಲ: ಸೆಮಿ ತನಕ ಅವೇ ಗೋಲ್ ವಾಪಸ್ ಕೊಡಿ, ಫೈನಲ್ ಎರಡೂ ಊರಿಗೆ ವಾಪಸ್ ಕೊಡಿ.

ದಾವಣಗೆರೆ_ಡಿಫೆಂಡರ್:
ಎರಡನೆಯದಕ್ಕೆ ಕೈ ಎತ್ತುತ್ತೇನೆ. ಮೊದಲನೆಯದಕ್ಕೆ ಖಂಡಿತ ಇಲ್ಲ.